ಪಾರ್ಕಿನಲ್ಲಿ ಡಯಾಲಿಸಿಸ್ ಕೇಂದ್ರ: ಸಹಿ ಹಾಕಬೇಕೇ?

ಓದುಗರ ಪ್ರಶ್ನೆ: ಬೆಂಗಳೂರಿನ ಒಂದು ಹಳೇ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಲೇಔಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇವೆ. ಮಧ್ಯದಲ್ಲಿ ಸುಮಾರು ಅರ್ಧ ಎಕರೆ ಪಾರ್ಕ್ ಇದೆ. ಒಂದು ಧರ್ಮಾರ್ಥ ಟ್ರಸ್ಟಿನವರು ಅದರ ಮೂಲೆಯಲ್ಲಿ 4 ಗುಂಟೆ ಕೇಳುತ್ತಿದ್ದಾರೆ. ಹತ್ತು ಹಾಸಿಗೆಯ ಉಚಿತ ಡಯಾಲಿಸಿಸ್ ಕೇಂದ್ರ ಕಟ್ಟುತ್ತಾರಂತೆ. ನಮ್ಮ ನಿವಾಸಿಗಳ ಸಂಘ ಎರಡು ಹೋಳಾಗಿದೆ. 'ಬಡವರ ಜೀವಕ್ಕಿಂತ ಹುಲ್ಲು ದೊಡ್ಡದಾ?' ಎಂದು ಒಬ್ಬರು ಕೇಳಿದರೆ, 'ಇವತ್ತು ಮೂಲೆ, ನಾಳೆ ಇಡೀ ಪಾರ್ಕು' ಎಂದು ಇನ್ನೊಬ್ಬರು ಕೂಗುತ್ತಾರೆ. ನನ್ನ ಕಷ್ಟ ಏನೆಂದರೆ, ನಮ್ಮ ಮಾವನವರಿಗೇ ವಾರಕ್ಕೆ ಎರಡು ಸಲ ಡಯಾಲಿಸಿಸ್. ಆಟೋದಲ್ಲಿ ಒಂಬತ್ತು ಕಿಲೋಮೀಟರ್ ಹೋಗಬೇಕು. ಹಾಗಂತ ಪಾರ್ಕ್ ಬಿಟ್ಟುಕೊಡಲೂ ಮನಸ್ಸಿಲ್ಲ. ಗಾಡಿ ನಿಲ್ಲಿಸುವ ಚಿಂತೆ ಬೇರೆ. ಈಗಲೇ ಹಿಂದಿನ ಕ್ರಾಸಿನಲ್ಲಿ ತುಕ್ಕು ಹಿಡಿದ ಬಿಡಿಎ ಬೋರ್ಡ್ ಇರುವ ಖಾಲಿ ಜಾಗದಲ್ಲಿ ಎಲ್ಲರೂ ಕಾರು ನಿಲ್ಲಿಸುತ್ತೇವೆ, ಅದೂ ತುಂಬಿರುತ್ತದೆ. ಭಾನುವಾರ ಸಂಘದ ಅಧ್ಯಕ್ಷರು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಲು ಬರುತ್ತಾರೆ. ಹಾಕಲೋ ಬೇಡವೋ?

ಉತ್ತರ: ಭಾನುವಾರ ಸಹಿ ಹಾಕಬೇಡಿ. 'ಕಟ್ಟಬಾರದು' ಅನ್ನುವವರು ಇನ್ನೊಂದು ಪತ್ರ ತಂದರೆ ಅದಕ್ಕೂ ಸದ್ಯಕ್ಕೆ ಬೇಡ. ನಿಮ್ಮ ಜಗಳಕ್ಕೆ ಉತ್ತರ ನೀವೇ ಬರೆದ ಪ್ರಶ್ನೆಯೊಳಗೆ ಇದೆ, ಆ ತುಕ್ಕು ಹಿಡಿದ ಬೋರ್ಡಿನ ಹತ್ತಿರ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು, ಈ ಪಾರ್ಕ್ ಯಾರದ್ದು? ಸಂಘದ್ದಲ್ಲ. ಸಂಘ ಅಲ್ಲಿ ಗಿಡ ನೆಟ್ಟಿರಬಹುದು, ಬೆಂಚ್ ಹಾಕಿಸಿರಬಹುದು, ಗಣೇಶನ ಹಬ್ಬ ಮಾಡಿರಬಹುದು. ಆದರೂ ಸಂಘದ್ದಲ್ಲ. ಕಾರ್ಪೊರೇಷನ್ ಮಾಲಿಗೆ ಸಂಬಳ ಕೊಟ್ಟು ನೋಡಿಕೊಳ್ಳುತ್ತದೆ. ಮೊದಲು ಆ ಕೆಲಸ ಬಿಬಿಎಂಪಿಯದಾಗಿತ್ತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದ ಮೇಲೆ ನಿಮ್ಮ ಭಾಗದ ಪಾಲಿಕೆಯದು. ಆದರೆ ಪಾಲಿಕೆಯೂ ಅದನ್ನು ಮನಸ್ಸಿಗೆ ಬಂದವರಿಗೆ ಕೊಡುವ ಹಾಗಿಲ್ಲ. ಅಂದಮೇಲೆ ನೂರು ಮನೆಯವರು ಸಹಿ ಹಾಕಿದರೂ, ಇನ್ನೂರು ಮನೆಯವರು ಹಾಕಿದರೂ, ಆ ಕಾಗದಕ್ಕೆ ಜಾಗ ಕೊಡುವ ಶಕ್ತಿ ಇಲ್ಲ. ನಿಮ್ಮದಲ್ಲದ್ದನ್ನು ಬಹುಮತದಿಂದ ಕೊಡಲು ಬರುವುದಿಲ್ಲ, ಅಲ್ವಾ? ಹಾಗಾದರೆ ಟ್ರಸ್ಟಿಗೆ ಸಹಿ ಯಾಕೆ ಬೇಕು? ಫೈಲಿನಲ್ಲಿ 'ಸ್ಥಳೀಯರ ವಿರೋಧವಿಲ್ಲ' ಎಂದು ಒಂದು ಸಾಲು ಬರೆಸಲು. ಆ ಒಂದು ಸಾಲಿನ ಬೆನ್ನ ಮೇಲೆ ಎಷ್ಟೋ ಫೈಲುಗಳು ಮುಂದೆ ಹೋಗಿರುವುದನ್ನು ನೋಡಿದ್ದೇನೆ.

ಈಗ ಲೇಔಟ್ ಹುಟ್ಟಿದ ಕಥೆಗೆ ಬನ್ನಿ. ಬಿಡಿಎ ಕಾಯ್ದೆ ಬಂದಿದ್ದು 1976ರಲ್ಲಿ. ಅದರ 16ನೇ ಸೆಕ್ಷನ್ ಪ್ರಕಾರ, ಲೇಔಟ್ ಮಾಡುವಾಗ ಒಟ್ಟು ಜಾಗದಲ್ಲಿ ಕನಿಷ್ಠ 15 ಪರ್ಸೆಂಟ್ ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಅದರ ಮೇಲೆ ಇನ್ನೂ ಕನಿಷ್ಠ 10 ಪರ್ಸೆಂಟ್ ನಾಗರಿಕ ಸೌಲಭ್ಯಕ್ಕೆ ಬಿಡಬೇಕು. ಈ ಎರಡನೆಯದನ್ನೇ ನಾವು ಸಿಎ ಸೈಟ್ ಅನ್ನುವುದು. ಎರಡೂ ಬೇರೆ ಬೇರೆ ಗಂಟು. ಒಂದರಿಂದ ತೆಗೆದು ಇನ್ನೊಂದಕ್ಕೆ ತುಂಬುವಂತಿಲ್ಲ.

ನಾಗರಿಕ ಸೌಲಭ್ಯ ಅಂದರೆ ಏನೇನು ಎಂದು ಕಾಯ್ದೆಯೇ ಪಟ್ಟಿ ಮಾಡಿದೆ. ಪೋಸ್ಟ್ ಆಫೀಸು, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಶಾಲೆ, ದವಾಖಾನೆ, ಹೆರಿಗೆ ಆಸ್ಪತ್ರೆ, ಲೈಬ್ರರಿ ಎಲ್ಲ ಅದರಲ್ಲಿವೆ. ಅದೇ ಪಟ್ಟಿಯಲ್ಲಿ ಇನ್ನೊಂದು ಬಾಬತ್ತೂ ಇದೆ. ಪೂರ್ತಿ ಧರ್ಮಕ್ಕಾಗಿಯೇ ಇರುವ ಟ್ರಸ್ಟ್ ನಡೆಸುವ ಪರೋಪಕಾರದ ಕೇಂದ್ರವೂ ನಾಗರಿಕ ಸೌಲಭ್ಯವೇ. ಅಂದರೆ ನಿಮ್ಮ ಟ್ರಸ್ಟಿನವರಂಥವರು ಒಂದು ದಿನ ಬರುತ್ತಾರೆ ಎಂದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ಅವರಿಗೆ ಎಲೆ ಹಾಕಿಯೇ ಇಟ್ಟಿದ್ದಾರೆ. ಈಗ ಅವರು ಪಕ್ಕದವನ ಎಲೆಗೆ ಕೈ ಹಾಕುತ್ತಿದ್ದಾರೆ, ಅಷ್ಟೇ.

'ಹುಲ್ಲೋ ಜೀವವೋ' ಎನ್ನುವ ಪ್ರಶ್ನೆ ನನಗೆ ಹಿಡಿಸದೇ ಇರುವುದು ಇದಕ್ಕೇ. ಜೀವಕ್ಕೆ ಬೇಕಾದ ಜಾಗ ಬೇರೆ ಕಡೆ ಇದೆ. ಅದು ಎಲ್ಲಿ ಹೋಯಿತು ಎಂದು ನಿಮ್ಮ ಸಭೆಯಲ್ಲಿ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಪಾರ್ಕಿನ ಕಡೆ ಕಾನೂನು ಎಷ್ಟು ಗಟ್ಟಿ ಎಂದು ಹೇಳಲು ನಮ್ಮೂರಿನದೇ ಒಂದು ಕೇಸ್ ಇದೆ. ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ಜಗಳ ಕೋರ್ಟಿಗೆ ಹೋದರೂ ವಕೀಲರು ಇದನ್ನು ತೆಗೆಯುತ್ತಾರೆ. ಸದಾಶಿವನಗರದ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗ ಒಂದಿತ್ತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆ ಆಸ್ಪತ್ರೆ ಕಟ್ಟಲು ಅದನ್ನು ಕೇಳಿತು. 1976ರಲ್ಲಿ ಮುಖ್ಯಮಂತ್ರಿ ಮಟ್ಟದಲ್ಲೇ ತೀರ್ಮಾನವಾಯಿತು. ಸರ್ಕಾರ ಬಿಡಿಎಗೆ ಹೇಳಿತು, ಬಿಡಿಎ ಕೊಟ್ಟಿತು. ಮೊದಲು ಪಾರ್ಕನ್ನು ನಾಗರಿಕ ಸೌಲಭ್ಯದ ಸೈಟ್ ಎಂದು ಬದಲಾಯಿಸಿದರು, ಆಮೇಲೆ ಟ್ರಸ್ಟಿಗೆ ಹಂಚಿದರು. ಅಲ್ಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು. ಬಿಡಲಿಲ್ಲ, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈ 19ರಂದು ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಅವರ ಪೀಠ ಟ್ರಸ್ಟಿನ ಮೇಲ್ಮನವಿ ವಜಾ ಮಾಡಿತು. ಹಂಚಿಕೆಯಾಗಿ ಹದಿನೈದು ವರ್ಷವಾಗಿತ್ತು. ತೀರ್ಪುಗಳ ಪುಸ್ತಕದಲ್ಲಿ ಇದರ ಹೆಸರು 'ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ'.

ಆ ತೀರ್ಪಿನ ಮೂರು ಮಾತು ನಿಮ್ಮ ಕೆಲಸಕ್ಕೆ ಬರುತ್ತವೆ. ಆಸ್ಪತ್ರೆ ಬೇಕು, ನಿಜ. ಹಾಗೆಂದು ಅದು ಪಾರ್ಕಿನ ಬದಲಿಗೆ ಬರಲಾಗದು. ಒಂದರ ಜಾಗ ಇನ್ನೊಂದು ತುಂಬುವುದಿಲ್ಲ. ಇದು ಒಂದು. ಎರಡನೆಯದು, ಯೋಜನೆಯಲ್ಲಿ ಸುಧಾರಣೆ ಮಾಡುವ ಅಧಿಕಾರ ಬಿಡಿಎಗೆ ಇದ್ದರೂ, ಸಾರ್ವಜನಿಕರ ಪಾರ್ಕನ್ನು ಖಾಸಗಿ ನರ್ಸಿಂಗ್ ಹೋಮ್ ಮಾಡುವುದು ಸುಧಾರಣೆ ಅಲ್ಲ. ಸರ್ಕಾರವೂ ಹಾಗೆ ಮಾಡಿ ಎಂದು ಅಪ್ಪಣೆ ಕೊಡುವಂತಿಲ್ಲ. ಮೂರನೆಯದು ನಿಮ್ಮಂಥವರಿಗೆ ತುಂಬ ಮುಖ್ಯ. 'ಇವರು ಯಾರು ಕೇಳಲಿಕ್ಕೆ?' ಎಂದು ಟ್ರಸ್ಟ್ ವಾದ ಮಾಡಿತ್ತು. ಆ ಬಡಾವಣೆಯಲ್ಲಿ ಇರುವವರಿಗೆ ಕೇಳುವ ಹಕ್ಕಿದೆ ಎಂದಿತು ಕೋರ್ಟು. ಸಹಾಯ್ ಅವರು ಬರೆದ ಒಂದು ಮಾತು ನನಗೆ ಬಹಳ ಇಷ್ಟ. ಒಂದು ಕಾಲಕ್ಕೆ ಒಳ್ಳೆಯ ಗಾಳಿ, ಹಸಿರು ಎಲ್ಲ ಶ್ರೀಮಂತರ ಸೊತ್ತಾಗಿತ್ತು, ಈಗ ಪಾರ್ಕ್ ಅಂದರೆ ಜನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂಬ ಅರ್ಥದ ಮಾತು ಅದು.

ಕೇಸ್ ಇನ್ನೂ ನಡೆಯುತ್ತಿದ್ದಾಗಲೇ, 1984ರಲ್ಲಿ, ಬಿಡಿಎ ಕಾಯ್ದೆಗೆ 38-ಎ ಎಂಬ ಸೆಕ್ಷನ್ ಸೇರಿತು. ಪಾರ್ಕು, ಆಟದ ಮೈದಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರುವಂತಿಲ್ಲ, ಕೊಡುವಂತಿಲ್ಲ, ಕೊಟ್ಟರೂ ಅದು ಅಸಿಂಧು. ಅಂದರೆ ಕೊಟ್ಟ ಕಾಗದಕ್ಕೆ ಬೆಲೆಯೇ ಇಲ್ಲ. ಮರುವರ್ಷ, 1985ರಲ್ಲಿ, ರಾಜ್ಯದ ಬೇರೆ ಊರುಗಳ ಪಾರ್ಕುಗಳನ್ನೂ ಕಾಯಲು ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಬಂತು.

'ಸದಾಶಿವನಗರದ್ದು ಖಾಸಗಿ ನರ್ಸಿಂಗ್ ಹೋಮ್. ನಮ್ಮದು ಉಚಿತ ಸೇವೆ. ಎರಡೂ ಒಂದೇನಾ?' ಎಂದು ನಿಮ್ಮ ಅಧ್ಯಕ್ಷರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಹರಿಯಾಣದ ಥಾನೇಸರಿಗೆ ಹೋಗಬೇಕು. ಅಲ್ಲಿ ಪಟ್ಟಣದ ಯೋಜನೆಯಲ್ಲಿ ಬಯಲಾಗಿಯೇ ಇರಬೇಕೆಂದು ಬಿಟ್ಟ ಜಾಗವನ್ನು ಪುರಸಭೆ ಒಂದು ಸಮಾಜದ ಸಂಸ್ಥೆಗೆ ಧರ್ಮಶಾಲೆ ಕಟ್ಟಲು ಗುತ್ತಿಗೆಗೆ ಕೊಟ್ಟಿತು. ಧರ್ಮಶಾಲೆ ಅಂದರೆ ಲಾಭದ ಕೆಲಸ ಅಲ್ಲ, ಧರ್ಮದ ಕೆಲಸ. ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1994ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಗುತ್ತಿಗೆಯನ್ನು ಒಪ್ಪಲಿಲ್ಲ. ಆರೋಗ್ಯವಾಗಿ ಬದುಕುವ ಹಕ್ಕಿನಲ್ಲಿ ಬಯಲು ಜಾಗವೂ ಸೇರಿದೆ ಎಂದು ಸಂವಿಧಾನದ 21ನೇ ವಿಧಿಯನ್ನು ಹಿಡಿದು ಹೇಳಿತು. ಕಟ್ಟಡ ಎದ್ದಾಗಿದೆ, ಹಣ ಸುರಿದಾಗಿದೆ ಎಂಬ ವಾದಕ್ಕೂ ಕರಗಲಿಲ್ಲ. ಕೆಡವಿ ಎಂದಿತು. ಮುಂದಿನ ವರ್ಷ ದೆಹಲಿಯ ಸರಿತಾ ವಿಹಾರದಲ್ಲಿ ಪಾರ್ಕಿನ ಜಾಗದಲ್ಲಿ ಬಂದ ನರ್ಸರಿ ಶಾಲೆಯ ಹಂಚಿಕೆಯನ್ನೂ ರದ್ದು ಮಾಡಿತು. ಅಲ್ಲಿ ಮಕ್ಕಳು ಓದುತ್ತಿದ್ದರು, ಅವರಿಗೆ ತೊಂದರೆಯಾಗದಂತೆ ಶಾಲೆಯನ್ನು ಬೇರೆ ಕಡೆ ಸಾಗಿಸಲು ಆರು ತಿಂಗಳು ಸಮಯ ಕೊಟ್ಟಿತು, ಅಷ್ಟೇ.

ಆಸ್ಪತ್ರೆ, ಧರ್ಮಶಾಲೆ, ಶಾಲೆ. ಮೂರೂ ಒಳ್ಳೆಯ ಕೆಲಸಗಳೇ. ಮೂರೂ ಕಡೆ ಕೋರ್ಟ್ ಕೆಲಸದ ಒಳ್ಳೆಯತನ ಅಳೆಯಲು ಹೋಗಲಿಲ್ಲ, ಜಾಗದ ಹಣೆಬರಹ ಓದಿತು.

ನೆಲದ ಮೇಲೆ ಎಲ್ಲ ಹೀಗೆ ಚೊಕ್ಕವಾಗಿಲ್ಲ ಅನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ ಹಾಲಿನ ಬೂತು, ಬೋರ್‌ವೆಲ್ ಮನೆ, ಅಂಗನವಾಡಿ, ಯಾವುದೋ ಕಾಲದ ಭವನ ಕಣ್ಣಿಗೆ ಬೀಳುತ್ತವೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಪಾರ್ಕು ಮತ್ತು ಮೈದಾನಗಳಲ್ಲಿ ಕಟ್ಟುವ ಬಗ್ಗೆ ಇದೇ ಜಗಳ ಎದ್ದಿತು, ಹೈಕೋರ್ಟಿಗೂ ಹೋಯಿತು. ಅಲ್ಲೂ ಇದೇ ಪ್ರಶ್ನೆ, ಹಸಿದವನ ಊಟಕ್ಕಿಂತ ಪಾರ್ಕ್ ದೊಡ್ಡದಾ ಎಂದು. ಇನ್ನೂ ಹಿಂದಕ್ಕೆ ಹೋದರೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಮೇಲೆ. ಬಸ್ಸೂ ಬೇಕು, ಆಟವೂ ಬೇಕು. ಯಾರೂ ಕೆಟ್ಟ ಕೆಲಸಕ್ಕೆಂದು ಕೆರೆ ಮುಚ್ಚಲಿಲ್ಲ. ಒಳ್ಳೆ ಕೆಲಸದ ಹೆಸರಲ್ಲೇ ಒಂದೊಂದಾಗಿ ಹೋದವು.

ಇನ್ನು ಆ 4 ಗುಂಟೆ. ಕೇಳಲು ಸಣ್ಣದು. ಒಂದು ಗುಂಟೆಗೆ 1,089 ಚದರ ಅಡಿ. ನಾಲ್ಕಕ್ಕೆ 4,356. ಅಂದರೆ ಮೂರೂವರೆ ಥರ್ಟಿ-ಫಾರ್ಟಿ ಸೈಟು. ನಿಮ್ಮ ಪಾರ್ಕ್ ಅರ್ಧ ಎಕರೆ ಎಂದರೆ 20 ಗುಂಟೆ, ಅದರಲ್ಲಿ ಐದರಲ್ಲೊಂದು ಪಾಲು ಹೋಯಿತು. ಆದರೆ ಡಯಾಲಿಸಿಸ್ ಕೇಂದ್ರ ಗೋಡೆಯೊಳಗೇ ಮುಗಿಯುವ ಕಟ್ಟಡವಲ್ಲ. ನಿಮ್ಮ ಮಾವನವರ ಜೊತೆ ಹೋಗಿ ಕಾಯುತ್ತೀರಲ್ಲ, ನಿಮಗೇ ಗೊತ್ತಿರುತ್ತದೆ. ಮೆಷಿನ್ನಿಗೆ ಸಾಮಾನ್ಯವಾಗಿ ನಿಮಿಷಕ್ಕೆ ಅರ್ಧ ಲೀಟರ್ ಶುದ್ಧ ದ್ರವ ಬೇಕು. ನಾಲ್ಕು ಗಂಟೆಗೆ 120 ಲೀಟರ್ ಆಯಿತು, ಒಬ್ಬರಿಗೆ ಒಂದು ಸಲಕ್ಕೆ. ಹತ್ತು ಹಾಸಿಗೆ, ದಿನಕ್ಕೆ ಎರಡು ಪಾಳಿ ಎಂದರೆ 2,400 ಲೀಟರ್. ಇದು ಶುದ್ಧವಾದ ಮೇಲಿನ ಲೆಕ್ಕ. ಆರ್‌ಒ ಘಟಕ ಶುದ್ಧ ಮಾಡುವಾಗ ಹೊರಗೆ ಬಿಡುವ ನೀರು ಬೇರೆ. ಹಾಗಾಗಿ ಬೋರ್‌ವೆಲ್ ಬೇಕು, ಇಲ್ಲವೇ ದಿನಾ ಟ್ಯಾಂಕರ್ ಬರಬೇಕು. ಮಧ್ಯದಲ್ಲಿ ಕರೆಂಟ್ ಹೋಗುವಂತಿಲ್ಲ, ಹಾಗಾಗಿ ಜನರೇಟರ್. ರಕ್ತ ಹರಿದ ಟ್ಯೂಬು, ಸೂಜಿ, ಫಿಲ್ಟರ್ ಎಲ್ಲ ವೈದ್ಯಕೀಯ ತ್ಯಾಜ್ಯ. ಅದನ್ನು ಬೇರೆಯಾಗಿ ಇಟ್ಟು, ಪ್ರತ್ಯೇಕ ಗಾಡಿಗೆ ಕೊಡಬೇಕು. ಆಂಬುಲೆನ್ಸ್ ತಿರುಗಲು ಜಾಗ ಬೇಕು. ಇಪ್ಪತ್ತು ರೋಗಿಗಳ ಜೊತೆ ಇಪ್ಪತ್ತು ಜನ ಬರುತ್ತಾರೆ, ಅವರು ನಾಲ್ಕು ಗಂಟೆ ಎಲ್ಲಿ ಕೂರುತ್ತಾರೆ? ಪಾರ್ಕಿನಲ್ಲೇ. ಕೂರಲಿ, ಅದು ತಪ್ಪಲ್ಲ. ಆದರೆ ಆರು ತಿಂಗಳಿಗೆ ಒಂದು ಟೀ ಅಂಗಡಿ, ವರ್ಷಕ್ಕೆ ಒಂದು ಮೆಡಿಕಲ್ ಸ್ಟೋರ್, ಆಮೇಲೆ ಒಂದು ಲ್ಯಾಬು. ಪಾರ್ಕಿನ ಗೇಟೇ ಆಸ್ಪತ್ರೆಯ ಗೇಟಾಗುತ್ತದೆ. ಇದೆಲ್ಲ ಯಾರೋ ಮೋಸ ಮಾಡಿ ಆಗುವುದಲ್ಲ, ತಾನಾಗಿ ಆಗುವುದು.

ನನಗೆ ಗೊತ್ತಿರುವ ಒಂದು ಬಡಾವಣೆ ಇದೆ, ಹೆಸರು ಬೇಡ. ಪಾರ್ಕಿನ ಮೂಲೆಯಲ್ಲಿ 'ಹಿರಿಯರಿಗಾಗಿ ವಾಚನಾಲಯ' ಎಂದು ಒಂದು ಕೋಣೆ ಕಟ್ಟಿದರು. ಪೇಪರ್ ಬಂತು, ಕೇರಂ ಬೋರ್ಡ್ ಬಂತು. ಹಿರಿಯರು ಒಬ್ಬೊಬ್ಬರಾಗಿ ಹೋದರು. ಕೋಣೆಗೆ ಮೇಲೊಂದು ಮಹಡಿ ಎದ್ದಿತು. ಈಗ ಅಲ್ಲಿ ನಾಮಕರಣ, ಸೀಮಂತಕ್ಕೆ ಬಾಡಿಗೆಗೆ ಕೊಡುತ್ತಾರೆ. ದಾನ ಕೊಟ್ಟವರ ಹೆಸರಿನ ಗ್ರಾನೈಟ್ ಕಲ್ಲು ಮಾತ್ರ ಹಾಗೇ ಹೊಳೆಯುತ್ತಿದೆ.

ಆ ಕಲ್ಲಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ರೈಲ್ವೆ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರ ಛತ್ರ ಇದೆಯಲ್ಲ, ಅವರು ಜಾಗವನ್ನು ದುಡ್ಡು ಕೊಟ್ಟು ಕೊಂಡುಕೊಂಡು ಕಟ್ಟಿಸಿದರು. 1903ರಲ್ಲಿ ಅದು ಶುರುವಾಯಿತು. ಎಷ್ಟು ತಲೆಮಾರಿನ ಹಳ್ಳಿ ಮಕ್ಕಳು, ಪ್ರಯಾಣಿಕರು ಅಲ್ಲಿ ಉಳಿದುಕೊಂಡಿದ್ದಾರೋ. ನಮ್ಮ ಕಡೆ ದಾನ ಎಂದರೆ ಹಾಗೆ, ಜಾಗವೂ ತನ್ನದೇ ಆಗಿರಬೇಕು. ಜಾಗ ಊರಿನದು, ಹೆಸರು ನಮ್ಮದು ಅಂದರೆ, ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತ ಜನ ಅನ್ನದೇ ಇರುತ್ತಾರಾ? ನಿಮ್ಮ ಟ್ರಸ್ಟಿನವರ ಮನಸ್ಸು ಒಳ್ಳೆಯದೇ ಇರಬಹುದು, ನಾನು ಅನುಮಾನಿಸುತ್ತಿಲ್ಲ. ಪಾರ್ಕ್ ಕೇಳುವುದು ಸುಲಭ ಎಂದು ಯಾರೋ ಅವರಿಗೆ ಹೇಳಿರುತ್ತಾರೆ. ಸುತ್ತ ಬೇಲಿ ಇದೆ, ಒತ್ತುವರಿ ಇಲ್ಲ, ನೀರಿದೆ, ರಸ್ತೆ ಇದೆ, ಬಾಡಿಗೆ ಇಲ್ಲ. ಇದಕ್ಕಿಂತ ತಯಾರಿರುವ ಜಾಗ ಎಲ್ಲಿ ಸಿಗುತ್ತದೆ?

ವಿರೋಧ ಮಾಡುವವರಿಗೂ ಸ್ವಲ್ಪ ಹೇಳುವುದಿದೆ. ಇಂಥ ಸಭೆಗಳಲ್ಲಿ ನಾನು ಕೂತಿದ್ದೇನೆ. ಮೊದಲ ಅರ್ಧ ಗಂಟೆ ಆಮ್ಲಜನಕ, ಮರ, ಮಕ್ಕಳ ಆಟ ಎಂದೆಲ್ಲ ಮಾತಾಡುತ್ತಾರೆ. ಆಮೇಲೆ ನಿಜ ಹೊರಗೆ ಬರುತ್ತದೆ. 'ಯಾರ್ಯಾರೋ ಬರ್ತಾರೆ ಸಾರ್', 'ಸೈಟ್ ರೇಟ್ ಬಿದ್ದುಹೋಗುತ್ತೆ'. ಈ ಮಾತು ಬಾಯಿಂದ ಬಂತು ಅಂದರೆ ನಿಮ್ಮ ಕಡೆಯ ಅರ್ಧ ಬಲ ಹೋಯಿತು ಅಂತಲೇ ಲೆಕ್ಕ. ಬಡವರನ್ನು ದೂರ ಇಡಲು ಪಾರ್ಕನ್ನು ಗುರಾಣಿ ಮಾಡಿಕೊಂಡರೆ ಆ ಪಾರ್ಕ್ ಉಳಿಯುವುದೂ ಕಷ್ಟ. ಸ್ವಲ್ಪ ಹಿಂದಿನವರೆಗೆ ನಮ್ಮ ಪಾರ್ಕುಗಳಿಗೆ ಹಗಲು ಹೊತ್ತು ಬೀಗ ಹಾಕುತ್ತಿದ್ದರು. 2024ರಲ್ಲಿ ಬಿಬಿಎಂಪಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದಿತು. ಅದಕ್ಕೂ ಕೆಲವು ಸಂಘಗಳು ಮುಖ ಸಿಂಡರಿಸಿದವು. ಒಂದು ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಪಾರ್ಕಿಗೆ ಹೋಗಿ ನೋಡಿ. ವಾಕಿಂಗ್ ಶೂ ಹಾಕಿದವರು ಆಗ ಇರುವುದಿಲ್ಲ. ಮೂರು ಮನೆಯ ಪಾತ್ರೆ ತೊಳೆದು ಬಂದ ಹೆಂಗಸರು ಡಬ್ಬಿ ಬಿಚ್ಚಿರುತ್ತಾರೆ. ಊಟ ತಲುಪಿಸುವ ಹುಡುಗ ಬ್ಯಾಗ್ ತಲೆದಿಂಬು ಮಾಡಿ ಮಲಗಿರುತ್ತಾನೆ. ಗಾರೆ ಕೆಲಸದವರ ಮಗು ಜಾರುಬಂಡಿ ಹತ್ತುತ್ತಿರುತ್ತದೆ. ಮನೆ ಹಿಂದೆ ಹಿತ್ತಲು ಇಲ್ಲದವರಿಗೆ ಇರುವ ಹಿತ್ತಲು ಅದೊಂದೇ. ಹಾಗಾಗಿ 'ಪಾರ್ಕ್ ಉಳ್ಳವರದ್ದು, ಡಯಾಲಿಸಿಸ್ ಬಡವರದ್ದು' ಎಂದು ಗೆರೆ ಎಳೆಯುವವರು ಮಧ್ಯಾಹ್ನದ ಪಾರ್ಕ್ ನೋಡಿಲ್ಲ ಅಂತ ಅರ್ಥ. ಆದರೆ ಆ ಹೊತ್ತಿನಲ್ಲಿ ನೀವು ಗೇಟಿಗೆ ಬೀಗ ಹಾಕಿಸಿದ್ದರೆ, ನಿಮಗೆ ಈ ವಾದ ಮಾಡುವ ಮುಖವೂ ಇಲ್ಲ.

ಸರಿ, ಈಗ ತುಕ್ಕು ಹಿಡಿದ ಬೋರ್ಡು.

ಹಳೇ ಬಿಡಿಎ ಲೇಔಟಿನ ಒಳಗೆ, ಬಿಡಿಎ ಬೋರ್ಡ್ ಹೊತ್ತು, ವರ್ಷಗಟ್ಟಲೆ ಖಾಲಿ ಬಿದ್ದಿರುವ ಜಾಗ ಎಂದರೆ ನನಗೆ ಮೊದಲು ಹೊಳೆಯುವುದು ಸಿಎ ಸೈಟ್. ಯಾರಿಗೋ ಹಂಚಿದ್ದ ಸೈಟ್ ಆಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಮಹಡಿ ಎದ್ದಿರುತ್ತಿತ್ತು. ಲೇಔಟಿನ ಮಂಜೂರಾದ ನಕ್ಷೆ ತೆಗೆಸಿದರೆ ಹೌದೋ ಅಲ್ಲವೋ ಗೊತ್ತಾಗುತ್ತದೆ. ಹೌದು ಎಂದಾದರೆ ನಿಮ್ಮ ಲೇಔಟಿನಲ್ಲಿ ಆಗುತ್ತಿರುವುದು ಇದು: ಧರ್ಮದ ಕೆಲಸಕ್ಕೆಂದು ಬಿಟ್ಟ ಜಾಗದಲ್ಲಿ ನೀವೆಲ್ಲ ಕಾರು ನಿಲ್ಲಿಸಿದ್ದೀರಿ. ಜಾಗವಿಲ್ಲದೆ ಧರ್ಮದ ಕೆಲಸ ಪಾರ್ಕಿನ ಗೇಟಿಗೆ ಬಂದು ನಿಂತಿದೆ. ಪಾರ್ಕ್ ಪರ ಇರುವವರೂ, ಟ್ರಸ್ಟ್ ಪರ ಇರುವವರೂ ಸಂಜೆ ಅಲ್ಲೇ ಗಾಡಿ ಲಾಕ್ ಮಾಡಿ ಸಭೆಗೆ ಬಂದು ಕಿತ್ತಾಡುತ್ತಿದ್ದಾರೆ. ಸಿಟ್ಟಾಗಬೇಡಿ. ನನ್ನ ಕಾರೂ ಕೆಲವು ವರ್ಷ ಇಂಥದ್ದೇ ಒಂದು ಜಾಗದಲ್ಲಿ ನಿಂತಿತ್ತು.

ಸಿಎ ಸೈಟ್ ಹಂಚಲು 1989ರ ನಿಯಮಗಳಿವೆ. ಬಿಡಿಎ ಪ್ರಕಟಣೆ ಹೊರಡಿಸಿ ಅರ್ಜಿ ಕರೆಯುತ್ತದೆ. ಟ್ರಸ್ಟು, ಸಂಘ ಸಂಸ್ಥೆಗಳು ತಮ್ಮ ಲೆಕ್ಕಪತ್ರ, ಮಾಡಿದ ಕೆಲಸ, ಕಟ್ಟಲು ಇರುವ ಹಣ ಎಲ್ಲ ತೋರಿಸಿ ಅರ್ಜಿ ಹಾಕಬೇಕು. ಆಯ್ಕೆಯಾದರೆ 30 ವರ್ಷಕ್ಕೆ ಗುತ್ತಿಗೆ ಸಿಗುತ್ತದೆ. ಗುತ್ತಿಗೆ ಹಣ ಕಟ್ಟಬೇಕು. ಹೇಳಿದ ಉದ್ದೇಶಕ್ಕೇ ಬಳಸಬೇಕು. ನಿಗದಿತ ಸಮಯದಲ್ಲಿ ಕಟ್ಟದಿದ್ದರೆ, ಷರತ್ತು ಮುರಿದರೆ ಬಿಡಿಎ ವಾಪಸ್ ಪಡೆಯಬಹುದು. ಪಾರ್ಕಿನ ದಾರಿಗಿಂತ ಇದು ಉದ್ದ, ಖರ್ಚೂ ಜಾಸ್ತಿ. ಆದರೆ ಟ್ರಸ್ಟಿಗೆ ಇದೇ ಒಳ್ಳೆಯದು. ಥಾನೇಸರಿನ ಧರ್ಮಶಾಲೆಯ ಗತಿ ಬರುವುದಿಲ್ಲ. ದಾನಿಗಳ ದುಡ್ಡಲ್ಲಿ ಮೆಷಿನ್ ತಂದು, ಹತ್ತು ವರ್ಷ ಆದ ಮೇಲೆ ಕೋರ್ಟು ಕೆಡವಿ ಅಂದರೆ ಆಗ ರೋಗಿಗಳು ಎಲ್ಲಿಗೆ ಹೋಗಬೇಕು? ನಿಮ್ಮ ಮಾವನವರು ಎಲ್ಲಿಗೆ ಹೋಗಬೇಕು? ಟ್ರಸ್ಟಿಗಳ ಜೊತೆ ಮಾತಾಡುವಾಗ ಇದನ್ನೇ ಮೊದಲು ಹೇಳಿ. 'ನೀವು ಕಳ್ಳರು' ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ನಕ್ಷೆಯಲ್ಲಿ ಒಂದಕ್ಕಿಂತ ಜಾಸ್ತಿ ಸಿಎ ಸೈಟ್ ಇರಬಹುದು. ಒಂದೊಂದೂ ಯಾರಿಗೆ ಹೋಯಿತು, ಗುತ್ತಿಗೆ ಎಂದು ಮುಗಿಯುತ್ತದೆ ನೋಡಿ. 80, 90ರ ದಶಕದಲ್ಲಿ ಕೊಟ್ಟ ಎಷ್ಟೋ ಗುತ್ತಿಗೆಗಳ 30 ವರ್ಷ ಈಗ ಮುಗಿದಿದೆ ಅಥವಾ ಮುಗಿಯುತ್ತಿದೆ. ಸೇವೆಯ ಹೆಸರಲ್ಲಿ ಪಡೆದು, ಫೀಸಿನ ಶಾಲೆಯನ್ನೋ ಕ್ಲಬ್ಬನ್ನೋ ನಡೆಸುತ್ತಿರುವುದು ಕಂಡರೆ ಆಶ್ಚರ್ಯಪಡಬೇಡಿ. ಅಂಥದ್ದು ನವೀಕರಣಕ್ಕೆ ಬರುವ ಹೊತ್ತು ನಿಮ್ಮ ಮಾತಿಗೆ ತೂಕ ಇರುವ ಹೊತ್ತು.

ಕಟ್ಟಡವೇ ಬೇಡದ ದಾರಿಯೂ ಒಂದಿದೆ. 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯ ಜಾಗದಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವುದು ಅದರ ಕ್ರಮ. ಪಾಲಿಕೆಗೂ ತನ್ನದೇ ಹೆರಿಗೆ ಆಸ್ಪತ್ರೆ, ರೆಫರಲ್ ಆಸ್ಪತ್ರೆಗಳಿವೆ. ನೀರು, ಕರೆಂಟು, ತ್ಯಾಜ್ಯ ಸಾಗಿಸುವ ಗಾಡಿ ಎಲ್ಲ ಅಲ್ಲಿ ಆಗಲೇ ಇದೆ. ಟ್ರಸ್ಟ್ ಅಂಥ ಒಂದು ಕಟ್ಟಡದಲ್ಲಿ ಮೆಷಿನ್ ಮತ್ತು ತಂತ್ರಜ್ಞರ ಖರ್ಚು ಹೊತ್ತರೆ ಗಾರೆ ಕೆಲಸದ ದುಡ್ಡೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಗ್ರಾನೈಟ್ ಕಲ್ಲಿಗೆ ಜಾಗ ಸ್ವಲ್ಪ ಕಡಿಮೆ ಸಿಗಬಹುದು. ನನಗೆ ಕೇಳಿದರೆ, ರೋಗಿಗೆ ಬೇಗ ಉಪಯೋಗವಾಗುವುದು ಇದೇ.

ಇನ್ನು ನಿಮ್ಮ ಭಾನುವಾರ. ಅಧ್ಯಕ್ಷರು ಬಂದಾಗ ಕಾಫಿ ಕೊಡಿ, ಕೂರಿಸಿ. ಜಾಗ ಕೊಡುವುದು ಸಂಘದ ಕೈಯಲ್ಲಿಲ್ಲ, ಹಾಗಾಗಿ ಸಹಿ ಹಾಕುವುದಿಲ್ಲ ಎಂದು ನೇರವಾಗಿ ಹೇಳಿ. ಮಾವನವರ ವಿಷಯವನ್ನು ಮುಚ್ಚಿಡಬೇಡಿ, ಸಭೆಯಲ್ಲೂ ಹೇಳಿ. ಡಯಾಲಿಸಿಸ್‌ನ ಕಷ್ಟ ಗೊತ್ತಿರುವವರೇ 'ಪಾರ್ಕ್ ಬೇಡ, ಸಿಎ ಸೈಟ್ ಕೇಳೋಣ' ಎಂದರೆ, ಬೇರೆಯವರು ನೂರು ಸಲ ಹೇಳಿದ್ದಕ್ಕಿಂತ ಹೆಚ್ಚು ಕಿವಿಗೆ ಬೀಳುತ್ತದೆ. ಎರಡೂ ಕಡೆಯವರು ಸೇರಿ ಸಹಿ ಹಾಕಬಹುದಾದ ಇನ್ನೊಂದು ಪತ್ರ ತಯಾರು ಮಾಡಿ: ಖಾಲಿ ಇರುವ ಸಿಎ ಸೈಟನ್ನು ಡಯಾಲಿಸಿಸ್ ಕೇಂದ್ರಕ್ಕೆಂದು ಪ್ರಕಟಣೆ ಹೊರಡಿಸಿ ಹಂಚಿ ಎಂದು ಬಿಡಿಎ ಕಮಿಷನರಿಗೆ. ಅದಕ್ಕೆ ಸಹಿ ಹಾಕುವವರು ಆ ಜಾಗದಿಂದ ಕಾರು ತೆಗೆಯಲು ಒಪ್ಪಿದ್ದೇವೆ ಎಂಬ ಸಾಲನ್ನೂ ಸೇರಿಸಿ. ಯಾರು ನಿಜವಾಗಿ ಬಡವರ ಪರ, ಯಾರು ನಿಜವಾಗಿ ಪಾರ್ಕಿನ ಪರ ಎಂದು ಆ ಸಾಲಿನ ಹತ್ತಿರ ಗೊತ್ತಾಗುತ್ತದೆ.

ಆ ಪತ್ರ ಕಳಿಸುವುದಕ್ಕೂ ಮೊದಲು, ಸೋಮವಾರವೇ, ಬಿಡಿಎಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಲೇಔಟಿನ ಮಂಜೂರಾದ ನಕ್ಷೆಯ ಪ್ರತಿ, ಅದರಲ್ಲಿರುವ ಸಿಎ ಸೈಟುಗಳ ಪಟ್ಟಿ, ಯಾರಿಗೆ ಯಾವಾಗ ಗುತ್ತಿಗೆ ಕೊಟ್ಟಿದೆ ಎಂಬ ವಿವರ ಕೇಳಿ. ಪಾರ್ಕಿನ ಜಗಳದ ಕಥೆಯನ್ನೆಲ್ಲ ಅದರಲ್ಲಿ ಬರೆಯಲು ಹೋಗಬೇಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ನೀವು ನನಗೆ ಬರೆದ ಪ್ರಶ್ನೆ ಅಲ್ಲಿಗೆ ಹೋದರೆ ಪದ ಜಾಸ್ತಿಯಾಯಿತು ಎಂದೇ ವಾಪಸ್ ಬರಬಹುದು.